ಕಲ್ಲು ತಿರುಗಿದರೆ ಹಾಡು ಯಾಕೆ ಬರುತ್ತದೆ?

ಹಲಸಂಗಿಯ ಹಾಡಿನ ಅವ್ವಂದಿರಿಗೆ, ಅಕ್ಕ-ತಂಗಿಯರಿಗೆ, ಗೀಗೀ ಮೇಳದ ಅಣ್ಣ-ತಮ್ಮಂದಿರಿಗೆ:

ನಿಮ್ಮೂರಿಗೆ ನಾನು ಒಂದು ಉತ್ತರ ಕೊಡುವುದು ಬಾಕಿ ಉಳಿದಿದೆ. ಪ್ರಶ್ನೆ ಕೇಳಿದ ಅವ್ವ ಈಗಿಲ್ಲ. ಉತ್ತರ ಅರ್ಧಮರ್ಧ ನನ್ನ ಕೈಗೆ ಹತ್ತಿದ್ದು ನೌಕರಿ ಮುಗಿದ ಮೇಲೆ, ಓದಲು ಪುರುಸೊತ್ತು ಸಿಕ್ಕಾಗ. ಹಾಗಾಗಿ ಬಾಕಿಯನ್ನು ಇಡೀ ಬಳಗದ ಹೆಸರಿಗೆ ತೀರಿಸುತ್ತಿದ್ದೇನೆ.

ಆಗ ನಾನು ಇಂಡಿ ಸೀಮೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಒಂದು ಭಾನುವಾರ ಟೇಪ್ ರೆಕಾರ್ಡರ್ ಹೊತ್ತುಕೊಂಡು ನಿಮ್ಮೂರಿಗೆ ಬಂದೆ. ಅವ್ವನನ್ನು ಪಡಸಾಲೆಯಲ್ಲಿ ಕೂಡಿಸಿ, ಗುಂಡಿ ಒತ್ತಿ, "ಹಾಡವ್ವಾ" ಅಂದೆ. ಎರಡು ಪದ ಹೇಳಿದಳು. ಮೂರನೆಯದರ ನಡುವೆ ನಿಂತಳು. ಮತ್ತೆ ಮೊದಲಿನಿಂದ ಹಿಡಿದಳು, ಮತ್ತೆ ಅಲ್ಲೇ ನಿಂತಳು. ನಾನು ಜಾಣನಂತೆ, "ಮುಂದಿನ ಸಾಲಿನ ಒಂದು ಶಬ್ದ ನೆನಪಾದರೆ ಸಾಕು" ಅಂದೆ. ಆಕೆಗೆ ಸಿಟ್ಟು ಬಂತು. "ನಡುವಿಂದ ಹೇಳು ಅಂದ್ರ ಹೆಂಗ ಬರ್ತದ? ಬಾ ಇಲ್ಲಿ" ಅಂತ ಹಿತ್ತಲಿಗೆ ಕರೆದೊಯ್ದಳು.

ಗಿರಣಿ ಬಂದ ಮೇಲೆ ಮೂಲೆಗೆ ಬಿದ್ದಿದ್ದ ಬೀಸುವ ಕಲ್ಲು ಅಲ್ಲಿತ್ತು. ಮೇಲಿನ ಕಲ್ಲಿನ ಗೂಟ ಅಲುಗಾಡುತ್ತಿತ್ತು. ಹಳೆ ಸೀರೆಯ ಚಿಂದಿಯೊಂದನ್ನು ಹರಿದು, ಗೂಟದ ಬುಡಕ್ಕೆ ಸುತ್ತಿ, ಹಿಮ್ಮಡಿಯಿಂದ ಒದ್ದು ಬಿಗಿ ಮಾಡಿದಳು. ಬರಿಗಲ್ಲು ಬೀಸಬಾರದೆಂದು ಕಲ್ಲಿನ ಬಾಯಿಗೆ ಒಂದು ಹಿಡಿ ಬಿಳಿಜೋಳ ಹಾಕಿದಳು. ಒಂದು ಕಾಲು ಚಾಚಿ ಕೂತು ಗೂಟ ಹಿಡಿದಳು. ಮೂರು ಸುತ್ತು ಸುಮ್ಮನೆ ತಿರುಗಿಸಿದಳು, ನಾಲ್ಕನೆಯ ಸುತ್ತಿಗೆ ಹಾಡು ಹೊರಟಿತು. ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿದು ಟಕ್ಕೆಂದು ಗುಂಡಿ ಮೇಲೇಳುವವರೆಗೆ ನಿಲ್ಲಲಿಲ್ಲ.

ಆಮೇಲೆ ಹಿಟ್ಟು ಸವರುತ್ತ ಕೇಳಿದಳು: "ಮಾಸ್ತರ, ನೀವು ಓದಿದವರು. ಕಲ್ಲು ತಿರುಗಿದ್ರ ಹಾಡು ಬರ್ತದ, ಕಲ್ಲು ನಿಂತ್ರ ನಿಲ್ತದ. ಹಾಡು ಇರೋದು ಎಲ್ಲಿ, ಕಲ್ಲಿನಾಗೋ ತಲಿಯಾಗೋ?"

"ರೂಢಿ ಅವ್ವಾ, ರೂಢಿ" ಅಂದು ಜಾರಿಕೊಂಡೆ.

"ರೂಢಿ ಅಂದ್ರ ಅದಕ್ಕೊಂದು ಹೆಸರಿಟ್ಟಂಗಾತು. ಉತ್ತರ ಎಲ್ಲಿ ಆತು?" ಅಂದಳು. ಮೂವತ್ತು ವರ್ಷ ಪಾಠ ಹೇಳಿದ ನನಗೆ ಯಾವ ಇನ್‌ಸ್ಪೆಕ್ಟರೂ ಕೇಳದ ಮಾತು ಅದು.

ನಿಮ್ಮೂರು ಇಂಥ ಪ್ರಶ್ನೆ ಕೇಳುವ ಊರೇ. ಲಾವಣಿಯ ಖಾಜಾಭಾಯಿ ನಿಮ್ಮವನು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಕೂಡಿ ಹೆಣ್ಣುಮಕ್ಕಳ ಬಾಯಲ್ಲಿದ್ದುದನ್ನು ಕಾಗದಕ್ಕೆ ಇಳಿಸಿದರು. 'ಗರತಿಯ ಹಾಡು' 1931ರಲ್ಲಿ ಅಚ್ಚಾಯಿತು, ಲಾವಣಿಗಳ 'ಜೀವನ ಸಂಗೀತ' 1933ರಲ್ಲಿ, 'ಮಲ್ಲಿಗೆ ದಂಡೆ' 1935ರಲ್ಲಿ. ಅದೇ ಕಾಲಕ್ಕೆ ಜರ್ಮನಿಯ ಯೇನಾ ಊರಲ್ಲಿ ಹಾನ್ಸ್ ಬರ್ಗರ್ ಎಂಬ ಮನೋವೈದ್ಯನೂ ಅಲ್ಲಿಯವರೆಗೆ ಯಾರೂ ಬರೆದಿಡದ ಒಂದನ್ನು ಕಾಗದಕ್ಕೆ ಇಳಿಸುತ್ತಿದ್ದ. ಮನುಷ್ಯನ ತಲೆಯ ಮೇಲಿನಿಂದ ಮಿದುಳಿನ ವಿದ್ಯುತ್ತಿನ ಏರಿಳಿತವನ್ನು ಅವನು ಮೊದಲು ಹಿಡಿದದ್ದು 1924ರಲ್ಲಿ. ಐದು ವರ್ಷ ಯಾರಿಗೂ ಹೇಳದೆ ಮತ್ತೆ ಮತ್ತೆ ನೋಡಿ, 1929ರಲ್ಲಿ ಪ್ರಕಟಿಸಿದ. ಇಂದು ದವಾಖಾನೆಯಲ್ಲಿ ಮೂರ್ಛೆರೋಗದವರಿಗೆ ಮಾಡಿಸುವ ಇಇಜಿ ಅದೇ. ಅವನು ಈ ಕೆಲಸಕ್ಕೆ ಬಿದ್ದ ಕಾರಣ ಕೇಳಿದರೆ ನೀವು ನಗಬಹುದು. ಸೈನ್ಯದಲ್ಲಿದ್ದಾಗ ಕುದುರೆಯಿಂದ ಬಿದ್ದು ಸಾಯುವುದು ಸ್ವಲ್ಪದರಲ್ಲಿ ತಪ್ಪಿತು. ಅದೇ ದಿನ ದೂರದೂರಲ್ಲಿದ್ದ ಅಕ್ಕನಿಗೆ ತಮ್ಮನಿಗೇನೋ ಆಗಿದೆ ಅನಿಸಿ ಮನೆಯವರಿಂದ ತಂತಿ ಹೊಡೆಸಿದ್ದಳಂತೆ. ಒಂದು ತಲೆಯಿಂದ ಇನ್ನೊಂದು ತಲೆಗೆ ಸುದ್ದಿ ಹೇಗೆ ಹೋಯಿತು ಎಂದು ಹುಡುಕಲು ಹೊರಟವನು ಅವನು. ಅದು ಸಿಗಲಿಲ್ಲ, ತಲೆಯೊಳಗಿನ ಲಯ ಸಿಕ್ಕಿತು.

ಈಗ ಅವ್ವನ ಪ್ರಶ್ನೆಗೆ ಬರುತ್ತೇನೆ. ಹಾಡು ಕಲ್ಲಿನಲ್ಲೋ ತಲೆಯಲ್ಲೋ?

ಮಧುರಚೆನ್ನರು ತೀರಿಕೊಂಡದ್ದು 1953ರಲ್ಲಿ. ಅದೇ ವರ್ಷ ಅಮೆರಿಕದ ಹಾರ್ಟ್‌ಫರ್ಡ್ ಊರಲ್ಲಿ ಹೆನ್ರಿ ಮೊಲೈಸನ್ ಎಂಬ ಇಪ್ಪತ್ತೇಳರ ಹುಡುಗನಿಗೆ ಮೂರ್ಛೆ ನಿಲ್ಲಿಸಲು ತಲೆಯ ಆಪರೇಶನ್ ಮಾಡಿದರು. ಕಿವಿಯ ಒಳಮಗ್ಗುಲಿಗೆ, ಎರಡೂ ಕಡೆ, ಹಿಪೊಕ್ಯಾಂಪಸ್ ಎಂಬ ಕಿರುಬೆರಳಿನಷ್ಟು ಭಾಗ ಇರುತ್ತದೆ. ಅದರ ದೊಡ್ಡ ಭಾಗವನ್ನು ತೆಗೆದುಬಿಟ್ಟರು. ಮೂರ್ಛೆ ಕಡಿಮೆಯಾಯಿತು, ಆದರೆ ಅಂದಿನಿಂದ 2008ರಲ್ಲಿ ಸಾಯುವತನಕ ಆ ಮನುಷ್ಯನಿಗೆ ಹೊಸದು ಯಾವುದೂ ಸರಿಯಾಗಿ ನೆನಪಿನಲ್ಲಿ ನಿಲ್ಲಲಿಲ್ಲ. ಈಗ ಮಾತಾಡಿ ಹೋದವರು ಮತ್ತೆ ಒಳಗೆ ಬಂದರೆ ಹೊಸಬರು. ಆದರೆ ಬ್ರೆಂಡಾ ಮಿಲ್ನರ್ ಎಂಬ ತಾಯಿ ಒಂದು ವಿಚಿತ್ರ ಕಂಡಳು. ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆ ತೀಡುವ ಕೆಲಸ ಕೊಟ್ಟರೆ ಹೆನ್ರಿಯ ಕೈ ದಿನದಿಂದ ದಿನಕ್ಕೆ ಪಳಗಿತು. ನಿನ್ನೆ ಇದನ್ನು ಮಾಡಿದ್ದೇನೆ ಎಂಬ ನೆನಪು ಅವನಿಗಿಲ್ಲ, ಕೈಗೆ ಮಾತ್ರ ಗೊತ್ತು.

ಅಂದರೆ ಕೈಯ ನೆನಪಿನ ಮನೆ ಬೇರೆ, ಮಾತಿನ ನೆನಪಿನ ಮನೆ ಬೇರೆ. ಕಲ್ಲು ತಿರುಗಿಸುವ ತೋಳಿನ ಪಾಠ ಮಿದುಳಿನ ಆಳದ ಗಂಟುಗಳಲ್ಲೂ ಹಿಂದಲೆಯ ಕಿರುಮಿದುಳಿನಲ್ಲೂ ಕೂತಿರುತ್ತದೆ. ಯಾವ ಪದ, ಯಾರು ಕಲಿಸಿದ್ದು, ಯಾರ ಮದುವೆಯಲ್ಲಿ ಹಾಡಿದ್ದು ಎಂಬುದಕ್ಕೆ ಹಿಪೊಕ್ಯಾಂಪಸ್ ಬೇಕು. ಅವ್ವ ಗೂಟ ಹಿಡಿದಾಗ ಎರಡೂ ಮನೆಯ ಬಾಗಿಲು ಕೂಡಿ ತೆರೆದವು. ಟೇಪಿನ ಮುಂದೆ ಕೂತಾಗ ನಾನು ಒಂದು ಮನೆಯ ಬಾಗಿಲು ಮಾತ್ರ ಬಡಿಯುತ್ತಿದ್ದೆ.

ಹಿಪೊಕ್ಯಾಂಪಸ್ಸಿನ ಒಳಗೆ ಲಯ ಹುಟ್ಟುವುದು ಹೇಗೆ ಎಂಬುದೇ ಈ ಪತ್ರದ ಹೂರಣ. ಸ್ವಲ್ಪ ತಾಳ್ಮೆಯಿಂದ ಕೇಳಿರಿ.

ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದೊಂದೂ ಒಂದು ಸಣ್ಣ ಬ್ಯಾಟರಿ. ಕೋಶದ ಪೊರೆಯ ಒಳಗೂ ಹೊರಗೂ ಸೋಡಿಯಂ, ಪೊಟ್ಯಾಸಿಯಂ ಮುಂತಾದ ಲವಣದ ಕಣಗಳು ಹೆಚ್ಚುಕಡಿಮೆ ಇರುವುದರಿಂದ, ಸುಮ್ಮನಿರುವಾಗ ಒಳಗಡೆ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ತಗ್ಗಿರುತ್ತದೆ. ಟಾರ್ಚಿನ ಒಂದು ಸೆಲ್ಲಿನ ಇಪ್ಪತ್ತನೆಯ ಒಂದು ಪಾಲು. ನೆರೆಯ ಕೋಶಗಳು ಸಾಕಷ್ಟು ಎಬ್ಬಿಸಿದರೆ ಸೋಡಿಯಂ ಬಾಗಿಲು ತೆರೆದು, ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ ಒಂದು ಮಿಡಿತ ಹೊಮ್ಮಿ ಮುಂದಿನ ಕೋಶಕ್ಕೆ ಓಡುತ್ತದೆ. ಇಷ್ಟು ನಾನು ಹತ್ತನೆಯ ತರಗತಿಗೆ ಹೇಳುತ್ತಿದ್ದ ಪಾಠ. ಅದರಲ್ಲಿ ಲಯ ಎಲ್ಲೂ ಇರಲಿಲ್ಲ.

ಲಯ ಬೇಕಾದರೆ ಪಂಚಮಿಯ ಜೋಕಾಲಿ ನೆನಪಿಸಿಕೊಳ್ಳಿ. ಬೇವಿನ ಗಿಡಕ್ಕೆ ಕಟ್ಟಿದ ಜೋಕಾಲಿಯನ್ನು ಹೊತ್ತಲ್ಲದ ಹೊತ್ತಿಗೆ ಎಷ್ಟು ಬಲವಾಗಿ ನೂಕಿದರೂ ಅದು ತಡವರಿಸುತ್ತದೆ. ಅದರ ಜೀಕು ನೋಡಿಕೊಂಡು ಬೆರಳಿನಿಂದ ನೂಕಿದರೂ ಟೊಂಗೆ ಮುಟ್ಟುತ್ತದೆ. ಹಿಪೊಕ್ಯಾಂಪಸ್ಸಿನ ಕೋಶಗಳೂ ಹೀಗೇ. ಸೆಕೆಂಡಿಗೆ ಸುಮಾರು ನಾಲ್ಕರಿಂದ ಎಂಟು ಸಲ ನೂಕಿದರೆ ಅವು ಚೆನ್ನಾಗಿ ಜೀಕುತ್ತವೆ. ಅದಕ್ಕಿಂತ ನಿಧಾನವಾದರೂ ಬೇಡ, ಅವಸರವಾದರೂ ಬೇಡ. ಈ ಗತಿಗೆ ವಿಜ್ಞಾನಿಗಳು ಥೀಟಾ ಲಯ ಅನ್ನುತ್ತಾರೆ.

ಕೋಶಕ್ಕೆ ಈ ಗುಣ ಎಲ್ಲಿಂದ ಬಂತು? ಅದರ ಪೊರೆಯಲ್ಲಿ ಎಚ್‌ಸಿಎನ್ ಎಂಬ ಬಾಗಿಲುಗಳಿವೆ. ಉಳಿದ ಹಲವು ಬಾಗಿಲುಗಳು ಕೋಶದ ವೋಲ್ಟೇಜು ಏರಿದಾಗ ತೆರೆದರೆ, ಈ ಬಾಗಿಲು ಇಳಿದಾಗ ತೆರೆಯುತ್ತದೆ. ಇಳಿದದ್ದನ್ನು ಮೇಲಕ್ಕೆಳೆಯುತ್ತದೆ. ಮೇಲೇರಿತೋ, ತಾನೇ ಮುಚ್ಚಿಕೊಳ್ಳುತ್ತದೆ. ಆದರೆ ಬಾಗಿಲು ಬಲು ಸಾವಕಾಶದ್ದು, ಎಳೆಯುವುದಕ್ಕೂ ಬಿಡುವುದಕ್ಕೂ ಹೊತ್ತು ಹಿಡಿಯುತ್ತದೆ. ಆ ತಡದಿಂದಲೇ ಜೀಕು ಹುಟ್ಟುವುದು. ಬಹಳ ನಿಧಾನದ ಏರಿಳಿತವನ್ನು ಈ ಬಾಗಿಲು ತಗ್ಗಿಸಿಬಿಡುತ್ತದೆ, ಬಹಳ ವೇಗದ್ದನ್ನು ಪೊರೆಯೇ ನುಂಗಿಬಿಡುತ್ತದೆ. ನಡುವಿನ ಗತಿಯದು ಮಾತ್ರ ದಾಟುತ್ತದೆ. ಜರಡಿಯಲ್ಲಿ ನುಚ್ಚು ಬೇರೆ, ಹಿಟ್ಟು ಬೇರೆ ಆಗುವ ಹಾಗೆ.

ಇಂಥ ಬಾಗಿಲನ್ನು ವಿಜ್ಞಾನಿಗಳು ಮೊದಲು ಗುರುತಿಸಿದ್ದು ಎದೆಗುಂಡಿಗೆಯ ಬಡಿತ ಶುರುಮಾಡುವ ಕೋಶಗಳಲ್ಲಿ, 1979ರಲ್ಲಿ. ಎಲ್ಲಕ್ಕೂ ಉಲ್ಟಾ ನಡೆಯುವ ಈ ಬಾಗಿಲಿನ ವಿದ್ಯುತ್ ಹರಿವಿಗೆ ತಮಾಷೆಯ ಹೆಸರನ್ನೇ ಇಟ್ಟರು. ಎದೆ ಬಡಿಯುವುದಕ್ಕೂ ನೆನಪು ಜೀಕುವುದಕ್ಕೂ ಒಂದೇ ಮನೆತನದ ಬಾಗಿಲು.

ಇದರ ಮೇಲೆ ವರ್ಷಾನುಗಟ್ಟಲೆ ಕೂತು ಕೆಲಸ ಮಾಡಿದವರು ನಮ್ಮ ರಾಜ್ಯದಲ್ಲೇ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಿಷಿಕೇಶ್ ನಾರಾಯಣನ್ ಅವರ ಪ್ರಯೋಗಾಲಯದ ಮುಖ್ಯ ಕಸುಬೇ ಹಿಪೊಕ್ಯಾಂಪಸ್ಸಿನ ಕೋಶಗಳ ಈ ಜೀಕು. ಅಮೆರಿಕದ ಡೇನಿಯಲ್ ಜಾನ್‌ಸ್ಟನ್ ಜೊತೆಗೂಡಿ 2007ರಲ್ಲಿ ಅವರು ತೋರಿಸಿದ್ದು ಇದು: ಇಲಿಯ ಹಿಪೊಕ್ಯಾಂಪಸ್ಸಿನ ಕೋಶಕ್ಕೆ ಕಲಿಕೆಯನ್ನು ಹೋಲುವ ಪ್ರಚೋದನೆ ಕೊಟ್ಟರೆ, ಕೋಶ-ಕೋಶಗಳ ಬೆಸುಗೆ ಗಟ್ಟಿಯಾಗುವುದಷ್ಟೇ ಅಲ್ಲ, ಆ ಕೋಶದ ಜೀಕಿನ ಗತಿಯೂ ಬದಲಾಗುತ್ತದೆ. ಒಂದು ಕಡೆ ಅಲ್ಲ, ಕೋಶ ಚಾಚಿದ ಕೊಂಬೆ ಕೊಂಬೆಗಳಲ್ಲೆಲ್ಲ. ನನಗೆ ಇದನ್ನು ಓದಿ ಮೈ ಜುಮ್ಮೆಂದಿತು. ಕಲಿತದ್ದರಿಂದ ಜೋಕಾಲಿಯ ಹಗ್ಗದ ಉದ್ದವೇ ಬದಲಾದಂತೆ! ಆಮೇಲೆ 2015ರಲ್ಲಿ ಅವರೂ ಅವರ ವಿದ್ಯಾರ್ಥಿನಿ ಸಿನ್ಹಾ ಅವರೂ, ಕೋಶಗಳು ಲಯದ ಯಾವ ಘಳಿಗೆಗೆ ಮಿಡಿಯಬೇಕು ಎಂಬುದನ್ನು ಹೊಂದಿಸುವಲ್ಲಿ ಇದೇ ಬಾಗಿಲಿನ ಪಾತ್ರವನ್ನು ಕಂಪ್ಯೂಟರ್ ಮಾದರಿಯಲ್ಲಿ ಕಟ್ಟಿ ತೋರಿಸಿದರು.

ಒಬ್ಬಳೇ ಜೀಕಿದರೆ ಮೇಳವಾಗುವುದಿಲ್ಲ. ಲಕ್ಷಾಂತರ ಕೋಶಗಳು ಕೂಡಿ ಜೀಕಬೇಕು. ಇಲ್ಲಿ ಮೇಳದ ಅಣ್ಣಂದಿರ ಕೆಲಸ ನೋಡಿ ನನಗೆ ಅರ್ಥವಾದ ಮಾತು ಹೇಳುತ್ತೇನೆ. ದಪ್ಪು ಹಿಡಿದವರನ್ನು ಹತ್ತಿರ ಕೂತು ನೋಡಬೇಕು. ಒಂದು ಕೈ ಹೊಡೆಯುತ್ತದೆ. ಇನ್ನೊಂದು ಕೈಯ ಬೆರಳು ಚರ್ಮದ ಮೇಲೆ ಒತ್ತಿ ನಾದ ಕಡಿಯುತ್ತದೆ. ಆ ಬೆರಳು ಒತ್ತದಿದ್ದರೆ ಪೆಟ್ಟಿನೊಳಗೆ ಪೆಟ್ಟು ಕಲೆಸಿ ಗದ್ದಲವಾಗುತ್ತದೆ. ಹಿಪೊಕ್ಯಾಂಪಸ್ಸಿನಲ್ಲಿ ನೂರಕ್ಕೆ ಹತ್ತು-ಹದಿನೈದು ಕೋಶಗಳು ಈ ಬೆರಳಿನ ಕೆಲಸದವು. ಇವು ನೆರೆಯವರನ್ನು ಎಬ್ಬಿಸುವುದಿಲ್ಲ, ತಡೆಯುತ್ತವೆ. ಬುಟ್ಟಿ ಕೋಶ ಎಂದು ಹೆಸರಾದ ಒಂದು ಜಾತಿಯದು ತನ್ನ ಎಳೆಗಳನ್ನು ನೂರಾರು ಕೋಶಗಳ ಮೈಗೆ ಬುಟ್ಟಿ ಹೆಣೆದಂತೆ ಸುತ್ತಿರುತ್ತದೆ. ಅದು ಒಮ್ಮೆ ಒತ್ತಿದರೆ ಎಲ್ಲವೂ ಕೂಡಿ ಸುಮ್ಮನಾಗುತ್ತವೆ. ಒತ್ತು ಸಡಿಲಾದಾಗ ಎಲ್ಲವೂ ಕೂಡಿ ಏಳುತ್ತವೆ, ಎದ್ದವು ಮತ್ತೆ ಬುಟ್ಟಿ ಕೋಶವನ್ನೇ ಎಬ್ಬಿಸುತ್ತವೆ, ಅದು ಮತ್ತೆ ಒತ್ತುತ್ತದೆ. ಈ ಎತ್ತು-ಒತ್ತು ಸೆಕೆಂಡಿಗೆ ಮೂವತ್ತರಿಂದ ಎಂಬತ್ತು ಸಲ ನಡೆದರೆ ಅದು ಗಾಮಾ ಲಯ. ಥೀಟಾದ ಒಂದು ಜೀಕಿನೊಳಗೆ ಗಾಮಾದ ಹಲವು ಸಣ್ಣ ಪೆಟ್ಟು ಕೂರುತ್ತವೆ, ವಿಳಂಬದ ಒಂದು ತಾಳದೊಳಗೆ ತುಂತುಣಿಯ ಹಲವು ಮೀಟು ಕೂರುವ ಹಾಗೆ.

ಈ ಮೇಳಕ್ಕೆ ತಾಳ ಹಿಡಿಯುವವರು ಹಿಪೊಕ್ಯಾಂಪಸ್ಸಿನ ಹೊರಗೆ, ಮಿದುಳಿನ ನಡುಗೆರೆಯ ಹತ್ತಿರ, ಸೆಪ್ಟಮ್ ಎಂಬ ಜಾಗದಲ್ಲಿದ್ದಾರೆ. ಅಲ್ಲಿಯ ತಡೆಯುವ ಕೋಶಗಳು ಎಳೆ ಚಾಚಿ, ಹಿಪೊಕ್ಯಾಂಪಸ್ಸಿನ ತಡೆಯುವ ಕೋಶಗಳನ್ನೇ ಗತಿಬದ್ಧವಾಗಿ ತಡೆಯುತ್ತವೆ. ಸುಮ್ಮನಿರಿ ಅನ್ನುವವರಿಗೇ ಸುಮ್ಮನಿರಿ ಅಂದರೆ ಉಳಿದವರಿಗೆ ಮಾತಾಡಲು ದಾರಿ ಆಯಿತಲ್ಲ! ಜೋನಾಥನ್ ವಿನ್ಸನ್ ಎಂಬಾತ 1978ರಲ್ಲಿ ಇಲಿಗಳ ಸೆಪ್ಟಮ್ಮಿಗೆ ಘಾಸಿ ಮಾಡಿ ನೋಡಿದ. ಥೀಟಾ ಲಯ ನಿಂತ ಇಲಿಗಳಿಗೆ ಮೊದಲು ಕಲಿತಿದ್ದ ಜಾಗದ ನೆನಪು ಕೈಕೊಟ್ಟಿತು. ತಾಳದವನು ಎದ್ದು ಹೋದ ಮೇಳ.

ಇನ್ನು ಅವ್ವನ ಸಿಟ್ಟಿನ ಮಾತು: ನಡುವಿನಿಂದ ಹೇಳು ಅಂದರೆ ಯಾಕೆ ಬರುವುದಿಲ್ಲ?

ಲಂಡನ್ನಿನ ಜಾನ್ ಓಕೀಫ್ 1971ರಲ್ಲಿ ಇಲಿಯ ಹಿಪೊಕ್ಯಾಂಪಸ್ಸಿನಲ್ಲಿ ಜಾಗ ಹೇಳುವ ಕೋಶಗಳನ್ನು ಕಂಡ. ಇಲಿ ಮೂಲೆಗೆ ಹೋದರೆ ಒಂದು ಕೋಶ ಮಿಡಿಯುತ್ತದೆ, ಹೊಸ್ತಿಲಿಗೆ ಬಂದರೆ ಇನ್ನೊಂದು. ಇದಕ್ಕೆ 2014ರಲ್ಲಿ ನೊಬೆಲ್ ಬಂತು. ಆದರೆ ನನಗೆ ಅದಕ್ಕಿಂತ ದೊಡ್ಡದು ಅನಿಸಿದ್ದು ಆತ ಮೈಕೆಲ್ ರೆಸ್ಸಿ ಜೊತೆ 1993ರಲ್ಲಿ ಕಂಡದ್ದು. ಇಲಿ ಒಂದು ಜಾಗವನ್ನು ದಾಟುತ್ತ ಹೋದಂತೆ, ಆ ಜಾಗದ ಕೋಶ ಥೀಟಾದ ಪ್ರತಿ ಜೀಕಿನಲ್ಲೂ ಸ್ವಲ್ಪ ಸ್ವಲ್ಪ ಮುಂಚೆ ಮಿಡಿಯುತ್ತ ಬರುತ್ತದೆ. ಹೀಗಾಗಿ ಒಂದೇ ಜೀಕಿನೊಳಗೆ, ಸೆಕೆಂಡಿನ ಎಂಟನೆಯ ಒಂದು ಪಾಲಿನಲ್ಲಿ, ದಾಟಿದ ಜಾಗ, ಈಗಿರುವ ಜಾಗ, ಮುಂದೆ ಬರುವ ಜಾಗ ಮೂರೂ ಸಾಲಾಗಿ ಮಿಡಿದುಬಿಡುತ್ತವೆ. ಕಾಲು ಇನ್ನೂ ಇಲ್ಲಿದೆ, ಮಿದುಳು ಮುಂದಿನ ಹೆಜ್ಜೆಯನ್ನು ಆಗಲೇ ಗುನುಗಿದೆ. ಯಾವುದಾದ ಮೇಲೆ ಯಾವುದು ಎಂಬುದೇ ಇಲ್ಲಿ ನೆನಪಿನ ಹೆಣಿಗೆ.

ಇಲಿಯ ಹಾದಿಯಿಂದ ಅವ್ವನ ಹಾಡಿಗೆ ನೆಟ್ಟಗೆ ಸೇತುವೆ ಕಟ್ಟಿದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ಮನುಷ್ಯರಲ್ಲಿ ಈ ಲಯ ಇಲಿಯಷ್ಟು ಉದ್ದಕ್ಕೂ ಹರಿಯುವುದಿಲ್ಲ, ತುಣುಕು ತುಣುಕಾಗಿ ಬರುತ್ತದೆ, ಗತಿಯೂ ನಿಧಾನ. ಆದರೂ ಸುಳಿವುಗಳಿವೆ. ಮೂರ್ಛೆರೋಗದ ಚಿಕಿತ್ಸೆಗಾಗಿ ಮಿದುಳಿನೊಳಗೆ ತಂತಿ ಇಟ್ಟಿದ್ದ ರೋಗಿಗಳಿಗೆ ಚಿತ್ರ ತೋರಿಸಿ ನೋಡಿದ ಪ್ರಯೋಗವೊಂದು 2010ರಲ್ಲಿ ಪ್ರಕಟವಾಯಿತು. ಚಿತ್ರ ನೋಡುವಾಗ ಕೋಶಗಳ ಮಿಡಿತ ಥೀಟಾ ಲಯಕ್ಕೆ ಎಷ್ಟು ಬಿಗಿಯಾಗಿ ಹೊಂದಿತ್ತೋ ಆ ಚಿತ್ರ ಆಮೇಲೆ ಅಷ್ಟು ಚೆನ್ನಾಗಿ ನೆನಪಿನಲ್ಲಿ ಉಳಿದಿತ್ತು.

ಇನ್ನೊಂದು ಎಚ್ಚರಿಕೆ. ಬೀಸುವ ಕಲ್ಲಿನ ಸುತ್ತೇ ಥೀಟಾ ಲಯ ಎಂದು ಯಾರಾದರೂ ಭಾಷಣ ಬಿಗಿದರೆ ನಂಬಬೇಡಿ. ಆ ಕ್ಯಾಸೆಟ್ ಹಾಕಿ, ಗಡಿಯಾರ ಹಿಡಿದು ಎಣಿಸಿದ್ದೇನೆ. ಅವ್ವನ ಒಂದು ಸುತ್ತಿಗೆ ಒಂದೂವರೆ ಸೆಕೆಂಡು. ಥೀಟಾ ಅದಕ್ಕಿಂತ ಎಷ್ಟೋ ಪಾಲು ಬಿರುಸು. ಮಾತಿನ ಉಚ್ಚಾರ ಮಾತ್ರ ಜಗತ್ತಿನ ಬಹಳಷ್ಟು ಭಾಷೆಗಳಲ್ಲಿ ಸೆಕೆಂಡಿಗೆ ನಾಲ್ಕೈದು ಏರಿಳಿತದ ಗತಿಯಲ್ಲಿ ಸಾಗುತ್ತದೆ, ಕಿವಿಗೆ ಬಿದ್ದ ಮಾತು ಹಿಡಿಯುವ ಮಿದುಳಿನ ಭಾಗ ಆ ಗತಿಗೆ ಹೆಜ್ಜೆ ಹಾಕುತ್ತದೆ ಎಂಬುದು ನಿಜ. ಆದರೆ ಅದು ಕಿವಿಯ ಕಡೆಯ ಲಯ, ಹಿಪೊಕ್ಯಾಂಪಸ್ಸಿನದಲ್ಲ. ಎರಡಕ್ಕೂ ಹೆಸರು ಒಂದೇ ಆದದ್ದರಿಂದ ಬಹಳ ಜನ ಎಡವುತ್ತಾರೆ. ನಾನೂ ಎಡವಿದ್ದೆ.

ಹಾಗಾದರೆ ಕಲ್ಲು ಏನು ಮಾಡಿತು? ನನ್ನ ತಿಳಿವಳಿಕೆ ಇಷ್ಟು. ತ್ರಿಪದಿಗೆ ಮೂರು ಸಾಲು, ಹನ್ನೊಂದು ಗಣ. ಆರನೆಯ ಮತ್ತು ಹತ್ತನೆಯ ಜಾಗದಲ್ಲಿ ಗಿಡ್ಡ ಗಣ, ಮೇಲೆ ಎರಡನೆಯ ಅಕ್ಷರದ ಪ್ರಾಸ. ಹಾಡುವಾಗ ಎರಡನೆಯ ಸಾಲನ್ನು ನಡುವೆ ತಿರುಗಿ ಹಿಡಿಯುತ್ತೀರಿ. ಇಷ್ಟು ಕಟ್ಟುಪಾಡಿನಲ್ಲಿ ಮುಂದಿನ ಜಾಗಕ್ಕೆ ಸಿಕ್ಕ ಸಿಕ್ಕ ಶಬ್ದ ಕೂರುವುದಿಲ್ಲ, ನಾಲ್ಕಾರು ಶಬ್ದ ಮಾತ್ರ ಕೂರುತ್ತವೆ. ಬಾಯಿಪಾಠದ ಪರಂಪರೆಗಳ ಮೇಲೆ ಡೇವಿಡ್ ರೂಬಿನ್ ಎಂಬ ಮನಶ್ಶಾಸ್ತ್ರಜ್ಞ 1995ರಲ್ಲಿ ಒಂದು ದೊಡ್ಡ ಪುಸ್ತಕವನ್ನೇ ಬರೆದ. ಲಯ, ಪ್ರಾಸ, ಅರ್ಥ ಮೂರೂ ಕೂಡಿ ಮುಂದಿನ ಶಬ್ದದ ಆಯ್ಕೆಯನ್ನು ಇಕ್ಕಟ್ಟು ಮಾಡುತ್ತವೆ, ಹಾಡಿದ ಸಾಲೇ ಹಾಡಬೇಕಾದ ಸಾಲಿಗೆ ಸುಳಿವು ಎಂಬುದು ಅವನ ವಾದ. ಕಲ್ಲಿನ ಸುತ್ತು ಆ ಗಣಗಳಿಗೆ ಜಾಗ ತೋರಿಸುತ್ತಿತ್ತು, ಉಸಿರಿಗೆ ಎಡೆ ಕೊಡುತ್ತಿತ್ತು, ತೋಳಿನ ನೆನಪನ್ನು ಮಾತಿನ ನೆನಪಿಗೆ ಗಂಟು ಹಾಕುತ್ತಿತ್ತು. ಹಾಡು ಇದ್ದದ್ದು ತಲೆಯಲ್ಲೇ ಅವ್ವಾ. ಸರದಿಯಾಗಿ ಹೊರಡಲು ಅದಕ್ಕೆ ಕೈ ಬೇಕಿತ್ತು, ಕಲ್ಲು ಬೇಕಿತ್ತು. ಅಂದು ನನಗೆ ಹೇಳಲಾಗದ ಉತ್ತರ ಇದು.

ನಿದ್ದೆಯ ವಿಷಯ ಹೇಳದಿದ್ದರೆ ಮಾತು ಅರ್ಧವಾಗುತ್ತದೆ, ಮೇಳದವರಿಗಂತೂ ಇದು ಬೇಕೇ ಬೇಕು. ಹಗಲು ಓಡಾಡಿದ ಇಲಿ ರಾತ್ರಿ ಮಲಗಿದಾಗ, ಹಗಲು ಕೂಡಿ ಮಿಡಿದ ಅವೇ ಕೋಶಗಳು ನಿದ್ದೆಯಲ್ಲೂ ಕೂಡಿ ಮಿಡಿಯುತ್ತವೆ ಎಂದು ಮ್ಯಾಥ್ಯೂ ವಿಲ್ಸನ್ ಮತ್ತು ಬ್ರೂಸ್ ಮೆಕ್‌ನಾಟನ್ 1994ರಲ್ಲಿ ತೋರಿಸಿದರು. ಹಗಲಿನ ಹಾದಿ ನಿದ್ದೆಯಲ್ಲಿ ಮತ್ತೆ ನಡೆಯುತ್ತದೆ, ಅದೂ ಎಷ್ಟೋ ಪಟ್ಟು ಬಿರುಸಿನಲ್ಲಿ, ಸಣ್ಣ ಸಣ್ಣ ಝಲಕುಗಳಾಗಿ. ಈ ಝಲಕುಗಳನ್ನು ಬೇಕೆಂದೇ ಕೆಡಿಸಿದರೆ ಇಲಿಗಳ ಕಲಿಕೆ ಕೆಡುತ್ತದೆ ಎಂದು 2009ರಲ್ಲೂ 2010ರಲ್ಲೂ ಪ್ರಯೋಗಗಳು ಹೇಳಿದವು. ಗಾಢನಿದ್ದೆಯಲ್ಲಿ ಮಿದುಳಿನ ಮೇಲ್ಪದರದಲ್ಲಿ ಸೆಕೆಂಡಿಗೆ ಒಂದಕ್ಕಿಂತ ನಿಧಾನವಾದ ದೊಡ್ಡ ಅಲೆ ಏಳುತ್ತದೆ, ಅದರ ಬೆನ್ನ ಮೇಲೆ ಥಲಾಮಸ್ಸಿನಿಂದ ಹೊರಟ, ಸೆಕೆಂಡಿಗೆ ಹನ್ನೆರಡು-ಹದಿನೈದು ಏರಿಳಿತದ ಕದಿರಿನಾಕಾರದ ಅಲೆ ಕೂರುತ್ತದೆ, ಅದರೊಳಗೆ ಹಿಪೊಕ್ಯಾಂಪಸ್ಸಿನ ಝಲಕು. ಮೂರೂ ಹೊಂದಿ ಕೂತಾಗ ಹಿಪೊಕ್ಯಾಂಪಸ್ಸಿನ ಹೊಸ ನೆನಪು ಮೇಲ್ಪದರದಲ್ಲಿ ಬೇರೂರುತ್ತದೆ ಎಂಬುದು ಇಂದಿನ ತಿಳಿವಳಿಕೆ.

ಹಿಂದೆ ನಮ್ಮ ಮನೆಗಳಲ್ಲಿ ಸಂಜೆ ಕಲಿತ ಪದವನ್ನು ಬೆಳ್ಳಿ ಮೂಡುವ ಹೊತ್ತಿಗೆ ಕಲ್ಲಿನ ಮುಂದೆ ಹಾಡುತ್ತಿದ್ದರು. ನಡುವೆ ಒಂದು ಪೂರಾ ನಿದ್ದೆ ಇರುತ್ತಿತ್ತು. ಈಗ ಮೇಳದ ಹುಡುಗರು ಬೆಳತನಕ ಹಾಡಿ, ಬಸ್ಸಿನಲ್ಲಿ ತೂಕಡಿಸಿ, ಮಧ್ಯಾಹ್ನ ಮೊಬೈಲಿನಲ್ಲಿ ಹೊಸ ಲಾವಣಿ ಕೇಳಿ, ರಾತ್ರಿ ಮತ್ತೆ ಅಟ್ಟ ಹತ್ತುತ್ತಾರೆ. ಪದ ನಿಲ್ಲುತ್ತಿಲ್ಲ ಎಂದು ಬೈಸಿಕೊಳ್ಳುತ್ತಾರೆ. ಬೈಯುವ ಮೊದಲು ಮಲಗಲು ಬಿಡಿ.

ಇನ್ನು ನನ್ನ ಹೊಟ್ಟೆಯ ಸಂಕಟ ಒಂದು ಹೇಳಿಬಿಡುತ್ತೇನೆ. ಹರಿಯಾಣದ ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದಲ್ಲಿ ವೇದಪಾಠದ 21 ಪಂಡಿತರ ಮಿದುಳನ್ನು ಸ್ಕ್ಯಾನ್ ಮಾಡಿ, ಬಾಯಿಪಾಠ ಮಾಡದವರ ಮಿದುಳಿನ ಜೊತೆ ಹೋಲಿಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಭಾಷೆ-ನೆನಪಿನ ಭಾಗಗಳಲ್ಲಿ, ಹಿಪೊಕ್ಯಾಂಪಸ್ಸಿನಲ್ಲೂ, ಪಂಡಿತರ ಮಿದುಳು ಬೇರೆಯಾಗಿ ಕಂಡಿತು. ಒಳ್ಳೆಯ ಕೆಲಸವೇ. ಆದರೆ ಅಕ್ಷರವನ್ನೇ ಕಾಣದೆ ನೂರಾರು ತ್ರಿಪದಿ ಹೊತ್ತ ಹೆಣ್ಣುಮಕ್ಕಳು ಈ ಸೀಮೆಯ ಮನೆ ಮನೆಯಲ್ಲಿದ್ದರು. ಪಂಡಿತರಿಗೆ ಗುರುವಿದ್ದ, ಪಾಠದ ಹೊತ್ತಿತ್ತು, ಸಂಭಾವನೆಯಿತ್ತು. ಇವರು ಮಗುವಿಗೆ ಮೊಲೆ ಕೊಡುತ್ತ, ಜೋಳ ಬೀಸುತ್ತ ಕಲಿತರು, ಕಲಿತದ್ದಕ್ಕೆ ಹೊಸದನ್ನು ಸೇರಿಸುತ್ತ ಹೋದರು. ಯಾರು ಹೆಚ್ಚು ಎಂಬ ಲೆಕ್ಕ ನನಗೆ ಬೇಡ. ಅಳೆಯುವ ಯಂತ್ರ ಒಬ್ಬರ ತಲೆಯನ್ನು ಮಾತ್ರ ನೋಡಿತು ಎಂಬುದೇ ನನ್ನ ತಕರಾರು.

ಅಳೆಯುವ ಸಾಧನ ದೂರದಲ್ಲೇನೂ ಇಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಸುಪ್ರತಿಮ್ ರೇ ಅವರ ತಂಡ ಬೆಂಗಳೂರಿನ ಹಿರಿಯರ ತಲೆಗೆ ಇಇಜಿ ಟೋಪಿ ಹಾಕಿ, ಗೆರೆಗಳ ಚಿತ್ರ ತೋರಿಸಿ, ಗಾಮಾ ಲಯ ಅಳೆದಿದೆ. ವಯಸ್ಸಾದಂತೆ ಈ ಲಯ ಸೊರಗುತ್ತದೆ, ಮರೆವಿನ ರೋಗ ಶುರುವಾದವರಲ್ಲಿ ಅದೇ ವಯಸ್ಸಿನ ಆರೋಗ್ಯವಂತರಿಗಿಂತಲೂ ಸೊರಗಿರುತ್ತದೆ ಎಂದು 2021ರಲ್ಲಿ ಹೇಳಿದ್ದಾರೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೆನಪಿನ ಆರೋಗ್ಯ ನೋಡುವ ದೊಡ್ಡ ಅಧ್ಯಯನವನ್ನು ಅದೇ ಆವರಣದ ಮಿದುಳು ಸಂಶೋಧನಾ ಕೇಂದ್ರ ನಡೆಸುತ್ತಿದೆ. ಶ್ರೀನಿವಾಸಪುರಕ್ಕೆ ಹೋದವರು ಭೀಮಾತೀರಕ್ಕೂ ಬರಲಿ. ಬಂದರೆ ಹೆದರಬೇಡಿ, ಆ ಟೋಪಿ ಮಿದುಳಿಗೆ ಏನನ್ನೂ ಕಳಿಸುವುದಿಲ್ಲ, ಒಳಗಿನದನ್ನು ಕೇಳಿಸಿಕೊಳ್ಳುತ್ತದಷ್ಟೆ. ಆದರೆ ಮಿದುಳಿನ ಅಲೆ ಹೆಚ್ಚಿಸುತ್ತೇವೆ, ಮಕ್ಕಳಿಗೆ ಮಾರ್ಕು ಬರುವಂತೆ ಮಾಡುತ್ತೇವೆ ಎಂದು ಹೆಡ್‌ಫೋನು, ಪಟ್ಟಿ, ಆ್ಯಪು ಮಾರಲು ಬರುವವರು ಬೇರೆ. ಅವರಿಗೆ ನೀರು ಕೊಟ್ಟು ಕಳಿಸಿ, ದುಡ್ಡು ಕೊಡಬೇಡಿ.

ನಿಮ್ಮಲ್ಲಿ ನನ್ನ ಬೇಡಿಕೆ ಸಣ್ಣದು. ಮೊಮ್ಮಕ್ಕಳು ಮೊಬೈಲ್ ಹಿಡಿದು "ಆಯಿ, ಹಾಡು" ಅಂದಾಗ ನನ್ನ ಟೇಪಿನ ಮುಂದೆ ಆ ಅವ್ವ ಕೂತ ಹಾಗೆ ಕೂರಬೇಡಿ. ಫೋನನ್ನು ಗೂಡಿನಲ್ಲಿಟ್ಟು ಅವರ ಕೈಗೊಂದು ಕೆಲಸ ಕೊಡಿ. ಅವರೆಕಾಯಿ ಸುಲಿಯಲಿ, ಶಾವಿಗೆ ಹೊಸೆಯಲಿ, ದಪ್ಪು ಹಿಡಿಯಲಿ. ಸೊಲ್ಲು ಅವರೇ ಎತ್ತಲಿ. ತಪ್ಪಿದರೆ ನಡುವಿನಿಂದ ತಿದ್ದಬೇಡಿ, ಮೊದಲಿನಿಂದ ಹಿಡಿಸಿ. ಮರುದಿನ ಎದ್ದ ಮೇಲೆ ಇನ್ನೊಮ್ಮೆ ಕೇಳಿ.

ಎಳ್ಳಮಾಸಿಗೆ ನಾನು ನಿಮ್ಮೂರಿಗೆ ಬರುತ್ತೇನೆ. ಆ ಕ್ಯಾಸೆಟ್ಟನ್ನು ಪೆನ್‌ಡ್ರೈವಿಗೆ ಹಾಕಿಸಿದ್ದೇನೆ, ಅವ್ವನ ಮನೆಯವರಿಗೆ ಒಪ್ಪಿಸಬೇಕು. ಕಲ್ಲು ಇನ್ನೂ ಆ ಹಿತ್ತಲಲ್ಲೇ ಇದೆಯಂತೆ. ಬಡಿಗೇರನ ಹತ್ತಿರ ಜಾಲಿಯ ಹೊಸ ಗೂಟ ಮಾಡಿಸಿಕೊಂಡು ತರುತ್ತೇನೆ. ಒಂದು ಹಿಡಿ ಜೋಳ ನೀವು ಇಟ್ಟಿರಿ.

ನಿಮ್ಮವ,
ಹಳೆಯ ವಿಜ್ಞಾನದ ಮಾಸ್ತರ